ಕಂಪನಿ ಕೊಡುವ ಗ್ರೂಪ್ ಮೆಡಿಕ್ಲೈಮ್: ಮೊಳ ಹಾಕಿ ನೋಡಿದರೆ ಎಷ್ಟು ಉದ್ದ?

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ಹುಟ್ಟಿದ್ದು ಆಸೆಬುರುಕರನ್ನು ಹಂಗಿಸಲು. ಕಂಪನಿ ಕೊಡುವ ಆರೋಗ್ಯ ವಿಮೆಯ ವಿಷಯದಲ್ಲಿ ಮಾತ್ರ ಮೊಳ ಹಾಕುವವರೇ ಜಾಣರು. ಅದು ಧರ್ಮಕ್ಕೆ ಬಂದದ್ದೂ ಅಲ್ಲ. ಎಷ್ಟೋ ಕಡೆ ಅದರ ಪ್ರೀಮಿಯಂ ಸಿಟಿಸಿ ಲೆಕ್ಕದೊಳಗೇ ಕೂತಿರುತ್ತದೆ. ಆಫರ್ ಲೆಟರ್‌ನಲ್ಲಿ ‘5 ಲಕ್ಷ ರೂಪಾಯಿ ಮೆಡಿಕಲ್ ಕವರ್’ ಎಂಬ ಒಂದೇ ಸಾಲು ಎರಡು ಕಂಪನಿಗಳಲ್ಲಿ ಇರಬಹುದು. ಆದರೆ ಒಂದರಲ್ಲಿ 2 ಲಕ್ಷದ ಬಿಲ್ಲು ಹೆಚ್ಚುಕಡಿಮೆ ಪೂರ್ತಿ ಪಾಸಾದರೆ, ಇನ್ನೊಂದರಲ್ಲಿ ಅದೇ ಬಿಲ್ಲಿನ ಮೂರನೇ ಒಂದು ಪಾಲು ಉದ್ಯೋಗಿಯ ಜೇಬಿನಿಂದ ಹೋಗುತ್ತದೆ. ವ್ಯತ್ಯಾಸ ಇರುವುದು 5 ಲಕ್ಷದಲ್ಲಿ ಅಲ್ಲ, ಅದರ ಕೆಳಗಿನ ಷರತ್ತುಗಳಲ್ಲಿ.

ಮೊದಲು ತಿಳಿಯಬೇಕಾದದ್ದು ಇಲ್ಲಿ ಗಿರಾಕಿ ಯಾರು ಎಂಬುದು. ಗಿರಾಕಿ ಕಂಪನಿ, ಉದ್ಯೋಗಿ ಅಲ್ಲ. ಮಾಸ್ಟರ್ ಪಾಲಿಸಿ ಇರುವುದು ಕಂಪನಿಯ ಹೆಸರಿನಲ್ಲಿ. ಅದನ್ನು ಬ್ರೋಕರ್ ಮೂಲಕ ವರ್ಷಕ್ಕೊಮ್ಮೆ ಚೌಕಾಸಿ ಮಾಡಿ ಕೊಳ್ಳುತ್ತಾರೆ. ಕ್ಲೈಮ್ ಕಾಗದ ನೋಡುವ ಕೆಲಸವನ್ನು ಹೆಚ್ಚಿನ ವಿಮಾ ಕಂಪನಿಗಳು ಟಿಪಿಎ ಎಂಬ ಮಧ್ಯವರ್ತಿ ಸಂಸ್ಥೆಗೆ ಒಪ್ಪಿಸಿರುತ್ತವೆ. ಇ-ಕಾರ್ಡಿನ ಮೇಲೆ ದೊಡ್ಡದಾಗಿ ಇರುವುದು ಬಹುತೇಕ ಟಿಪಿಎ ಹೆಸರೇ ಆದ್ದರಿಂದ, ‘ಟಿಪಿಎಯವರು ರಿಜೆಕ್ಟ್ ಮಾಡಿದರು’ ಎನ್ನುವುದು ರೂಢಿ. ಆದರೆ ಟಿಪಿಎ ಬರೀ ಕಡತ ಸಿದ್ಧಪಡಿಸುವ ಗುಮಾಸ್ತ. ಇಲ್ಲ ಎನ್ನುವ ಅಧಿಕಾರ ವಿಮಾ ಕಂಪನಿಯದು. ವಿಮಾ ನಿಯಂತ್ರಕ ಐಆರ್‌ಡಿಎಐ 2024ರ ಮೇ ತಿಂಗಳ ಸುತ್ತೋಲೆಯಲ್ಲಿ, ವಿಮಾ ಕಂಪನಿಯೊಳಗಿನ ಕ್ಲೈಮ್ ಪರಿಶೀಲನಾ ಸಮಿತಿ ಒಪ್ಪದೆ ಯಾವ ಕ್ಲೈಮನ್ನೂ ತಿರಸ್ಕರಿಸುವಂತಿಲ್ಲ ಎಂದಿದೆ. ದೂರು ಬರೆಯುವಾಗ ವಿಳಾಸ ತಪ್ಪಬಾರದು ಎಂಬುದಕ್ಕಾಗಿ ಇಷ್ಟು ಹೇಳಬೇಕಾಯಿತು.

ಸಂಬಳ ತಿಂಗಳಿಗೆ 21,000 ರೂಪಾಯಿ ದಾಟದವರ ದಾರಿ ಬೇರೆ. ಸರ್ಕಾರದ ಕಾರ್ಮಿಕರ ವಿಮೆಯಾದ ಇಎಸ್‌ಐ ಅನ್ವಯಿಸುವ ಸಂಸ್ಥೆಗಳಲ್ಲಿ ಅವರು ಅದರಡಿ ಬರುತ್ತಾರೆ: ಉದ್ಯೋಗಿಯಿಂದ 0.75%, ಮಾಲೀಕರಿಂದ 3.25%. ಇಲ್ಲಿ ತೂಗುತ್ತಿರುವುದು ಅದನ್ನಲ್ಲ, ಅದರ ಮೇಲಿನವರಿಗೆ ಸಿಗುವ ಗ್ರೂಪ್ ಪಾಲಿಸಿಯನ್ನು.

ಹೊಗಳಬೇಕಾದ್ದನ್ನು ಮೊದಲೇ ಹೊಗಳಿಬಿಡೋಣ. ಸ್ವಂತಕ್ಕೆ ಪಾಲಿಸಿ ಕೊಂಡರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೇನೂ ಸಿಗದು. ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡಿಗೆ 36 ತಿಂಗಳವರೆಗೂ ಕಾಯಿಸಬಹುದು. ಹರ್ನಿಯಾ, ಕಣ್ಣಿನ ಪೊರೆ, ಮಂಡಿಚಿಪ್ಪಿನಂಥ ಪಟ್ಟಿ ಮಾಡಿದ ಚಿಕಿತ್ಸೆಗಳಿಗೂ ಪ್ರತ್ಯೇಕ ಕಾಯುವಿಕೆ. ಒಳ್ಳೆಯ ಗ್ರೂಪ್ ಪಾಲಿಸಿಯಲ್ಲಿ ಈ ಮೂರೂ ಮನ್ನಾ ಆಗಿರುತ್ತವೆ. ಕೆಲಸಕ್ಕೆ ಸೇರಿದ ದಿನದಿಂದಲೇ ಕವರ್ ಶುರು. ಮೆಡಿಕಲ್ ಟೆಸ್ಟ್ ಇಲ್ಲ, ಪ್ರಪೋಸಲ್ ಫಾರ್ಮಿನ ಪ್ರಶ್ನೋತ್ತರ ಇಲ್ಲ. ಬೈಪಾಸ್ ಆದ 68 ವರ್ಷದ ತಂದೆಗೆ ಹೊರಗೆ ಪಾಲಿಸಿ ಹುಡುಕಿದವರಿಗೆ ಇದರ ಬೆಲೆ ಗೊತ್ತು. ಹೆರಿಗೆ ಖರ್ಚಿಗೂ ಒಂಬತ್ತು ತಿಂಗಳ ಕಾಯುವಿಕೆ ಸಾಮಾನ್ಯವಾಗಿ ಇರುವುದಿಲ್ಲ. ಈ ಒಂದು ಅಂಶದಲ್ಲಿ ಗ್ರೂಪ್ ಪಾಲಿಸಿಗೆ ಪೂರ್ತಿ ಅಂಕ.

ಆದರೆ ‘ಸಾಮಾನ್ಯವಾಗಿ’ ಎನ್ನುವ ಮಾತನ್ನು ನಂಬಿ ಕೂರುವಂತಿಲ್ಲ. ಮನ್ನಾ ಎನ್ನುವುದು ಕಂಪನಿ ದುಡ್ಡು ಕೊಟ್ಟು ಕೊಂಡ ಸೌಲಭ್ಯ. ಇಪ್ಪತ್ತು ಜನರ ಸಣ್ಣ ಕಂಪನಿ ಅಗ್ಗದ ಕೊಟೇಶನ್ ಆರಿಸಿದ್ದರೆ ಕಾಯುವ ಅವಧಿಗಳು ಹಾಗೆಯೇ ಉಳಿದಿರಬಹುದು. ಆದ್ದರಿಂದ ಎಚ್‌ಆರ್ ಕಳಿಸುವ ಬಣ್ಣದ ಪಿಪಿಟಿ ಸಾಲದು. ಮಾಸ್ಟರ್ ಪಾಲಿಸಿಯ ಷರತ್ತಿನ ಪುಟಗಳನ್ನು ಕೇಳಿ ಪಡೆಯಬೇಕು. ಕೇಳುವುದಕ್ಕೆ ಸಂಕೋಚ ಬೇಡ. ಅದು ಗುಟ್ಟಿನ ಕಡತವಲ್ಲ.

ರೂಮ್ ಬಾಡಿಗೆ ಎಂಬ ಕತ್ತರಿ

ಷರತ್ತಿನ ಪುಟಗಳು ಕೈಗೆ ಬಂದ ಮೇಲೆ ಮೊದಲು ಹುಡುಕಬೇಕಾದ ಸಾಲು ರೂಮ್ ಬಾಡಿಗೆ ಮಿತಿ. ‘ವಿಮಾ ಮೊತ್ತದ 1%, ಐಸಿಯುಗೆ 2%’ ಎಂದಿದ್ದರೆ 5 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ 5,000 ರೂಪಾಯಿಯ ರೂಮು, 10,000ದ ಐಸಿಯು. ಕೆಲವು ಪಾಲಿಸಿಗಳಲ್ಲಿ ದುಡ್ಡಿನ ಬದಲು ‘ಸಿಂಗಲ್ ಪ್ರೈವೇಟ್ ಎಸಿ ರೂಮ್’ ಎಂದು ದರ್ಜೆ ಬರೆದಿರುತ್ತದೆ. ಉದ್ಯೋಗಿಗೆ ಇದು ಎಷ್ಟೋ ಮೇಲು, ಏಕೆಂದರೆ ಆಸ್ಪತ್ರೆ ದರ ಏರಿಸಿದರೂ ದರ್ಜೆ ಹಾಗೆಯೇ ಇರುತ್ತದೆ.

ಮಿತಿ ಮೀರಿದರೆ ಹೆಚ್ಚುವರಿ ಬಾಡಿಗೆ ಮಾತ್ರ ಕೈಯಿಂದ ಕೊಟ್ಟರಾಯಿತು ಎಂದುಕೊಂಡರೆ ಲೆಕ್ಕ ತಪ್ಪಿತು. ನಮ್ಮ ಆಸ್ಪತ್ರೆಗಳಲ್ಲಿ ರೂಮಿನ ದರ್ಜೆ ಏರಿದಂತೆ ಸರ್ಜನ್ ಫೀಸು, ಆಪರೇಷನ್ ಥಿಯೇಟರ್, ಅರಿವಳಿಕೆ, ನರ್ಸಿಂಗ್, ವೈದ್ಯರ ಭೇಟಿ ಎಲ್ಲದರ ದರವೂ ಏರುತ್ತದೆ. ಹಾಗಾಗಿ ವಿಮಾ ಕಂಪನಿ ಅದೇ ಅನುಪಾತದಲ್ಲಿ ಆ ಖರ್ಚುಗಳನ್ನೂ ಕತ್ತರಿಸುತ್ತದೆ. ಪ್ರೊಪೋರ್ಷನೇಟ್ ಡಿಡಕ್ಷನ್ ಎನ್ನುವುದು ಇದನ್ನೇ.

ಒಂದು ಲೆಕ್ಕ ಹಾಕೋಣ. 5 ಲಕ್ಷದ ಪಾಲಿಸಿ, ದಿನಕ್ಕೆ 5,000 ಮಿತಿ, ತಾಯಿಗೆ ಆಪರೇಷನ್, 8,000 ರೂಪಾಯಿಯ ರೂಮಿನಲ್ಲಿ ನಾಲ್ಕು ದಿನ. ರೂಮಿಗೆ 32,000, ಸರ್ಜನ್, ಥಿಯೇಟರ್, ನರ್ಸಿಂಗ್ ಸೇರಿ 1,20,000, ಔಷಧಿ, ಇಂಪ್ಲಾಂಟ್, ಟೆಸ್ಟುಗಳಿಗೆ 60,000, ಗ್ಲೌಸು, ಮಾಸ್ಕು ಇತ್ಯಾದಿಗೆ 8,000. ಒಟ್ಟು 2,20,000. ಅರ್ಹ ರೂಮಿಗೂ ತೆಗೆದುಕೊಂಡ ರೂಮಿಗೂ ಅನುಪಾತ ಐದಕ್ಕೆ ಎಂಟು, ಅಂದರೆ 62.5%. ರೂಮಿಗೆ ಸಿಗುವುದು 20,000. 1,20,000ದಲ್ಲಿ 75,000. ಔಷಧಿ, ಇಂಪ್ಲಾಂಟ್, ಟೆಸ್ಟಿನ 60,000 ಪೂರ್ತಿ ಸಿಗಬೇಕು. ಗ್ಲೌಸು ಮಾಸ್ಕಿಗೆ ಸೊನ್ನೆ. ಆಯಿತು 1,55,000. ತಂದೆತಾಯಿಗೆ 10% ಕೋ-ಪೇ (ಪಾಸಾದ ಮೊತ್ತದಲ್ಲಿ ಉದ್ಯೋಗಿ ತಾನೇ ಹೊರಬೇಕಾದ ಪಾಲು) ಇದ್ದರೆ ಅದರಲ್ಲಿ 15,500 ಹೋಯಿತು. ಕೊನೆಗೆ ವಿಮೆ ಕೊಡುವುದು 1,39,500; ಮನೆಯವರು ಕಟ್ಟುವುದು 80,500. ರೂಮಿನ ವ್ಯತ್ಯಾಸ ಬರೀ 12,000 ರೂಪಾಯಿಯದು ಎಂಬುದನ್ನು ಮರೆಯಬೇಡಿ.

ಈ ಕತ್ತರಿಗೆ 2020ರಲ್ಲಿ ಐಆರ್‌ಡಿಎಐ ಒಂದು ಗೆರೆ ಎಳೆದಿದೆ: ಔಷಧಿ, ಕನ್ಸ್ಯೂಮಬಲ್ಸ್, ಇಂಪ್ಲಾಂಟ್, ವೈದ್ಯಕೀಯ ಸಾಧನ, ರೋಗಪತ್ತೆ ಪರೀಕ್ಷೆ ಇವುಗಳನ್ನು ಅನುಪಾತದಲ್ಲಿ ಕಡಿಯುವಂತಿಲ್ಲ. ಐಸಿಯು ಖರ್ಚಿಗೂ ಈ ಅನುಪಾತ ಹಾಕುವಂತಿಲ್ಲ. ರೂಮಿನ ದರ್ಜೆ ನೋಡಿ ಫೀಸು ಬದಲಿಸದ ಆಸ್ಪತ್ರೆಯಾಗಿದ್ದರೆ ಅನುಪಾತದ ಮಾತೇ ಇಲ್ಲ. ಸೆಟಲ್‌ಮೆಂಟ್ ಪತ್ರದಲ್ಲಿ ಪ್ರತಿ ಕಡಿತಕ್ಕೂ ಕಾರಣ ಬರೆದಿರುತ್ತದೆ. ಔಷಧಿಯ ಸಾಲಿನಲ್ಲೂ 62.5% ಎಂದು ಕಂಡರೆ ಅದು ತಪ್ಪು ಲೆಕ್ಕ, ತಿರುಗಿ ಕೇಳಬಹುದು. ಗ್ಲೌಸು, ಮಾಸ್ಕಿನಂಥ ‘ಕೊಡಲಾಗದ’ ವಸ್ತುಗಳ ಪಟ್ಟಿಯಲ್ಲಿ 68 ಬಾಬ್ತುಗಳಿವೆ. ಕೆಲವು ಕಂಪನಿಗಳು ಹೆಚ್ಚು ಪ್ರೀಮಿಯಂ ಕೊಟ್ಟು ಅದನ್ನೂ ಸೇರಿಸಿರುತ್ತವೆ.

ಅಡ್ಮಿಶನ್ ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆ ‘ರೂಮು ಇದೆಯಾ’ ಎಂದಲ್ಲ. ‘ದಿನಕ್ಕೆ 5,000ದೊಳಗಿನ ರೂಮು ಯಾವುದು, ಆ ದರದಲ್ಲಿ ನರ್ಸಿಂಗ್ ಚಾರ್ಜ್ ಸೇರಿದೆಯಾ’ ಎಂದು. ಹಲವು ಪಾಲಿಸಿಗಳಲ್ಲಿ ರೂಮ್ ಬಾಡಿಗೆಯ ವ್ಯಾಖ್ಯೆಯೊಳಗೇ ನರ್ಸಿಂಗ್ ಸೇರಿರುತ್ತದೆ. 4,800ರ ರೂಮಿಗೆ 900 ನರ್ಸಿಂಗ್ ಕೂಡಿದರೆ ಮಿತಿ ದಾಟಿತು. ಅರ್ಹ ದರ್ಜೆಯ ರೂಮು ಖಾಲಿ ಇಲ್ಲದೆ ಮೇಲಿನದು ಕೊಟ್ಟರೆ, ‘ಅರ್ಹ ರೂಮು ಲಭ್ಯವಿಲ್ಲ’ ಎಂದು ಆಸ್ಪತ್ರೆಯಿಂದ ಬರೆಸಿಕೊಂಡು, ಖಾಲಿಯಾದ ಕೂಡಲೇ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಕಡಿತ ತಪ್ಪುತ್ತದೆ ಎಂಬ ಖಾತರಿ ಇಲ್ಲ, ವಾದಕ್ಕೆ ಕಾಗದ ಇರುತ್ತದೆ.

ಹೆಸರು ಸೇರಿಸುವಾಗ ಆಗುವ ಎಡವಟ್ಟು

ಪಾಲಿಸಿ ಎಷ್ಟೇ ಚೆನ್ನಾಗಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅಷ್ಟೇ. ಕುಟುಂಬದ ವ್ಯಾಖ್ಯೆಯನ್ನು ಕಂಪನಿ ಆರಿಸುತ್ತದೆ: ಉದ್ಯೋಗಿ ಒಬ್ಬರೇ, ಗಂಡ ಅಥವಾ ಹೆಂಡತಿ ಮತ್ತು ಮಕ್ಕಳು, ಅಥವಾ ತಂದೆತಾಯಿ ಕೂಡ. ಅತ್ತೆಮಾವನಿಗೂ ಅವಕಾಶ ಇರುವಲ್ಲಿ ಬಹುಮಟ್ಟಿಗೆ ಎರಡರಲ್ಲಿ ಒಂದು ಜೋಡಿ. ತನ್ನ ತಾಯಿ, ಹೆಂಡತಿಯ ತಂದೆ ಎಂದು ಬೆರಕೆ ಮಾಡಲು ಬಿಡುವುದಿಲ್ಲ. ಮೊತ್ತ ಫ್ಲೋಟರ್ ಆಗಿದ್ದರೆ 5 ಲಕ್ಷ ಎಲ್ಲರಿಗೂ ಸೇರಿ; ಜನವರಿಯಲ್ಲಿ ತಂದೆಗೆ 4 ಲಕ್ಷ ಖರ್ಚಾದರೆ ಪಾಲಿಸಿ ವರ್ಷ ಮುಗಿಯುವವರೆಗೆ ಉಳಿದವರಿಗೆಲ್ಲ ಒಂದೇ ಲಕ್ಷ.

ಪೋರ್ಟಲ್ ತೆರೆದಿರುವುದು ಕೆಲವೇ ದಿನ. ಆಮೇಲೆ ವರ್ಷವಿಡೀ ಸೇರಿಸಲು ಸಿಗುವ ಕಾರಣಗಳು ಎರಡೇ ಎರಡು: ಮದುವೆ, ಮಗು. ಅದಕ್ಕೂ ಗಡುವು ಉಂಟು, ಹೆಚ್ಚಾಗಿ 30 ದಿನ. ‘ಮಗುವಿಗೆ ಹೆಸರಿಟ್ಟ ಮೇಲೆ ಸೇರಿಸೋಣ’ ಎಂದು ನಾಮಕರಣಕ್ಕೆ ಕಾಯುವವರು ಇಲ್ಲೇ ಜಾರುವುದು. ಹೆಸರಿಲ್ಲದಿದ್ದರೂ ‘ಬೇಬಿ ಆಫ್’ ಎಂದು ತಾಯಿಯ ಹೆಸರು ಹಾಕಿ ಸೇರಿಸಲು ಬರುತ್ತದೆ. ದೊಡ್ಡವರ ಹೆಸರು ಮತ್ತು ಹುಟ್ಟಿದ ದಿನ ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಕಾರ್ಡಿನಲ್ಲಿ ‘ಗೌರಮ್ಮ’, ಆಧಾರ್‌ನಲ್ಲಿ ‘ಗೌರಿ’ ಎಂದಿದ್ದರೆ ತುರ್ತಿನ ರಾತ್ರಿ ಎರಡು ಗಂಟೆಗೆ ಇನ್ಶೂರೆನ್ಸ್ ಡೆಸ್ಕಿನವರು ಅದನ್ನೇ ಹಿಡಿದು ಕೂರುತ್ತಾರೆ.

ಇನ್ನೊಂದು ಅಡಚಣೆ ಉದ್ಯೋಗಿಯ ಕಣ್ಣಿಗೆ ಬೀಳುವುದೇ ಇಲ್ಲ. ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಮುಂಚಿತವಾಗಿ ಬಾರದೆ ವಿಮಾ ಕಂಪನಿ ಹೊಣೆ ಹೊರುವಂತಿಲ್ಲ. ಅದಕ್ಕಾಗಿ ಕಂಪನಿ ವಿಮಾ ಕಂಪನಿಯ ಬಳಿ ಸಿಡಿ ಬ್ಯಾಲೆನ್ಸ್ ಎಂಬ ಠೇವಣಿ ಇಡುತ್ತದೆ. ಹೊಸಬರು ಸೇರಿದಾಗಲೆಲ್ಲ ಉಳಿದ ದಿನಗಳ ಪ್ರೀಮಿಯಂ ಅದರಿಂದ ಕಡಿತ. ಫೈನಾನ್ಸ್ ವಿಭಾಗ ಈ ಠೇವಣಿ ತುಂಬಲು ಮರೆತರೆ ಸೇರ್ಪಡೆ ಅಲ್ಲೇ ನಿಲ್ಲುತ್ತದೆ, ಎಚ್‌ಆರ್ ಮಾತ್ರ ‘ಪಟ್ಟಿ ಕಳಿಸಿದ್ದೇವೆ’ ಎನ್ನುತ್ತಿರುತ್ತದೆ. ಸೇರಿ ತಿಂಗಳಾದರೂ ಟಿಪಿಎ ಆ್ಯಪಿನಲ್ಲಿ ಇ-ಕಾರ್ಡ್ ಕಾಣದಿದ್ದರೆ ಸುಮ್ಮನಿರಬೇಡಿ, ಸಿಡಿ ಬ್ಯಾಲೆನ್ಸ್ ಬಗ್ಗೆಯೇ ನೇರವಾಗಿ ಕೇಳಿ.

ತಂದೆತಾಯಿಯ ಪ್ರೀಮಿಯಂ ಉದ್ಯೋಗಿಯ ಸಂಬಳದಿಂದಲೇ ಕಡಿತವಾಗುವ ಕಡೆ ಒಂದು ಹೋಲಿಕೆ ಮಾಡಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ. ಗ್ರೂಪ್ ಪಾಲಿಸಿಗೆ 18% ಹಾಗೆಯೇ ಉಳಿದಿದೆ. ಆರೋಗ್ಯವಾಗಿರುವ 55ರ ತಂದೆತಾಯಿಗೆ ಹೊರಗಿನ ಪಾಲಿಸಿಯೇ ದೀರ್ಘಕಾಲಕ್ಕೆ ಲೇಸು. ಕಾಯಿಲೆಯ ಕಡತ ದಪ್ಪಗಿರುವ ಹಿರಿಯರಿಗೆ ಗ್ರೂಪ್ ಪಾಲಿಸಿ, 20% ಕೋ-ಪೇ ಇದ್ದರೂ ಸರಿ. ತೆರಿಗೆಯ ಮಾತು: ಕಂಪನಿ ಕಟ್ಟಿದ ಪ್ರೀಮಿಯಂ ಉದ್ಯೋಗಿಯ ಆದಾಯಕ್ಕೆ ಸೇರುವುದಿಲ್ಲ, ಅದರ ಮೇಲೆ ವಿನಾಯಿತಿ ಕೇಳಲೂ ಬರುವುದಿಲ್ಲ. ತಾನೇ ಕಟ್ಟಿದ ಪಾಲಿಗೆ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, 80ಡಿ ಎಂದು ಎಲ್ಲರೂ ಕರೆಯುವ ವಿನಾಯಿತಿ.

ಹೆರಿಗೆಯ ಷರತ್ತನ್ನು ಎರಡು ಸಲ ಓದಿ. ಸಹಜ ಹೆರಿಗೆಗೆ 50,000, ಸಿಸೇರಿಯನ್‌ಗೆ 75,000 ಎಂಬಂಥ ಒಳಮಿತಿಗಳು ಸಾಮಾನ್ಯ, ಮೊದಲ ಎರಡು ಮಕ್ಕಳಿಗೆ. ನಗರದ ದೊಡ್ಡ ಆಸ್ಪತ್ರೆಯ ಬಿಲ್ಲಿಗೆ ಇದು ಅರೆಹೊಟ್ಟೆ. ಅದಕ್ಕಿಂತ ಮುಖ್ಯ, ಹುಟ್ಟಿದ ಮಗುವಿನ ಖರ್ಚು ಎಲ್ಲಿಗೆ ಸೇರುತ್ತದೆ ಎಂಬುದು. ‘ಮಗು ಮೊದಲ ದಿನದಿಂದ ಕುಟುಂಬದ ವಿಮಾ ಮೊತ್ತದೊಳಗೆ’ ಎಂದಿದ್ದರೆ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬಿಲ್ಲು 3 ಲಕ್ಷವಾದರೂ ದಾರಿ ಉಂಟು. ‘ಹೆರಿಗೆ ಮಿತಿಯೊಳಗೆ’ ಎಂದಿದ್ದರೆ ತಾಯಿ ಮಗು ಇಬ್ಬರಿಗೂ ಸೇರಿ ಆ 75,000ವೇ. ಒಂದೇ ಒಂದು ವಾಕ್ಯದ ವ್ಯತ್ಯಾಸ.

ಕ್ಯಾಶ್‌ಲೆಸ್ ಎಂಬುದು ನಡೆಯುವ ಬಗೆ

ಕ್ಯಾಶ್‌ಲೆಸ್ ಎಂದರೆ ಬಿಲ್ಲನ್ನು ವಿಮಾ ಕಂಪನಿ ನೇರ ಆಸ್ಪತ್ರೆಗೇ ಕಟ್ಟುವುದು. ಮೊದಲೇ ಗೊತ್ತಿರುವ ಆಪರೇಷನ್ ಆದರೆ ಎರಡು ಮೂರು ದಿನ ಮುಂಚೆ ತಿಳಿಸಬೇಕು; ತುರ್ತಾದರೆ ಸೇರಿದ 24 ಗಂಟೆಯೊಳಗೆ. ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್ ಪ್ರಿ-ಆಥ್ ಎಂಬ ಮುಂಗಡ ಒಪ್ಪಿಗೆಯ ಫಾರ್ಮ್ ತುಂಬಿ, ವೈದ್ಯರ ಟಿಪ್ಪಣಿ, ರಿಪೋರ್ಟು ಸೇರಿಸಿ ಟಿಪಿಎಗೆ ಕಳಿಸುತ್ತದೆ. ಮೊದಲು ಬರುವ ಒಪ್ಪಿಗೆ ಬಿಲ್ಲಿನ ಅಂದಾಜಿಗಿಂತ ಕಡಿಮೆ ಇರುವುದುಂಟು. 2 ಲಕ್ಷದ ಕೇಸಿಗೆ 40,000 ಎಂದು ಬಂದರೆ ಗಾಬರಿ ಬೇಡ. ಅದು ಮೊದಲ ಕಂತಿನ ಒಪ್ಪಿಗೆ, ಉಳಿದದ್ದು ಅಂತಿಮ ಬಿಲ್ಲಿನ ಮೇಲೆ.

2024ರ ಸುತ್ತೋಲೆಯ ಪ್ರಕಾರ ಪ್ರಿ-ಆಥ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ ಉತ್ತರ ಬರಬೇಕು. ಮೂರು ಗಂಟೆ ದಾಟಿ ಆಸ್ಪತ್ರೆ ಹೆಚ್ಚುವರಿ ಬಾಡಿಗೆ ಹಾಕಿದರೆ ಅದು ವಿಮಾ ಕಂಪನಿಯ ಮೇಲೆ. ಹಾಗಾದರೂ ಬೆಳಗ್ಗೆ ಹತ್ತಕ್ಕೆ ಡಾಕ್ಟರು ‘ಹೋಗಬಹುದು’ ಎಂದವರು ಸಂಜೆ ಏಳಕ್ಕೆ ಹೊರಬರುವುದೇಕೆ? ಗಡಿಯಾರ ಶುರುವಾಗುವುದು ಡಾಕ್ಟರು ಹೇಳಿದಾಗ ಅಲ್ಲ, ಆಸ್ಪತ್ರೆಯಿಂದ ಅಂತಿಮ ಬಿಲ್ಲು ಟಿಪಿಎಗೆ ಹೋದಾಗ. ಫಾರ್ಮಸಿಯ ಔಷಧಿ ವಾಪಸಾತಿ, ಡಿಸ್ಚಾರ್ಜ್ ಸಮರಿಗೆ ಸಹಿ, ಬಿಲ್ಲಿಂಗ್ ಇವು ಆಸ್ಪತ್ರೆಯೊಳಗೇ ಮೂರ್ನಾಲ್ಕು ಗಂಟೆ ತಿನ್ನುತ್ತವೆ. ಹಿಂದಿನ ಸಂಜೆಯೇ ಡಿಸ್ಚಾರ್ಜ್ ಸಮರಿಯ ಕರಡು ಕೇಳಿ ಸಿದ್ಧಪಡಿಸಿಕೊಂಡರೆ ಅರ್ಧ ದಿನ ಉಳಿಯುತ್ತದೆ. ಆ ಕರಡನ್ನು ಓದಲೂಬೇಕು. ಬಲಗಾಲು ಎಡಗಾಲಾಗಿರುವುದು, ‘ಎಷ್ಟು ದಿನದಿಂದ ತೊಂದರೆ’ ಎಂಬಲ್ಲಿ ದಿನದ ಬದಲು ವರ್ಷ ಎಂದಿರುವುದು, ಸಂದರ್ಭವಿಲ್ಲದೆ ಮದ್ಯಪಾನದ ಉಲ್ಲೇಖ ನುಸುಳಿರುವುದು — ಪ್ರಶ್ನೆಗಳು ಹುಟ್ಟುವುದು ಇಂಥ ಕಡೆ. ಕಾಯಿಲೆ ಯಾವಾಗಿನಿಂದ ಎಂಬ ಪ್ರಶ್ನೆ ಬಂದಾಗ, ಗ್ರೂಪ್ ಪಾಲಿಸಿಯಲ್ಲಿ ಕಾಯುವ ಅವಧಿ ಮನ್ನಾ ಆಗಿದ್ದರೆ ಹೆದರಿ ಮುಚ್ಚಿಡುವ ಅಗತ್ಯವೇ ಇಲ್ಲ. ನಿಜ ಹೇಳಿದರೆ ಕ್ಲೈಮ್ ಬೀಳುವುದಿಲ್ಲ. ಎರಡು ಕಾಗದದಲ್ಲಿ ಎರಡು ಮಾತಿದ್ದರೆ ಬೀಳಬಹುದು.

ಕ್ಯಾಶ್‌ಲೆಸ್ ನಿರಾಕರಣೆ ಎಂದರೆ ಕ್ಲೈಮಿನ ನಿರಾಕರಣೆ ಅಲ್ಲ. ಕಾಗದ ಸಾಲದೆ, ಹೊತ್ತು ಸಾಲದೆ ಬೇಡ ಎಂದದ್ದನ್ನು ಬಿಲ್ಲು ಕಟ್ಟಿ ಆಮೇಲೆ ರೀಇಂಬರ್ಸ್‌ಮೆಂಟ್‌ಗೆ ಹಾಕಬಹುದು. ಅದಕ್ಕೆ ಬೇಕಾದದ್ದು: ಕ್ಲೈಮ್ ಫಾರ್ಮಿನ ಎರಡೂ ಭಾಗ (ಎರಡನೆಯದು ಆಸ್ಪತ್ರೆ ತುಂಬುವುದು), ಮೂಲ ಡಿಸ್ಚಾರ್ಜ್ ಸಮರಿ, ಬಾಬ್ತುವಾರು ಬಿಲ್ಲು, ಹಣ ಕಟ್ಟಿದ ರಸೀದಿ, ಚೀಟಿಯ ಸಮೇತ ಔಷಧಿ ಬಿಲ್ಲು, ರಿಪೋರ್ಟು, ಇಂಪ್ಲಾಂಟ್ ಹಾಕಿದ್ದರೆ ಅದರ ಸ್ಟಿಕ್ಕರ್, ರದ್ದಾದ ಚೆಕ್ಕು, ಅಪಘಾತವಾಗಿದ್ದರೆ ಪೊಲೀಸರಿಗಾಗಿ ಆಸ್ಪತ್ರೆ ಮಾಡುವ ದಾಖಲೆಯಾದ ಎಂಎಲ್‌ಸಿ. ಕೊಡುವ ಮೊದಲು ಎಲ್ಲದರ ಸ್ಕ್ಯಾನ್ ಇಟ್ಟುಕೊಳ್ಳಿ. ಗಡುವು ಪಾಲಿಸಿಯಿಂದ ಪಾಲಿಸಿಗೆ ಬೇರೆ, ಡಿಸ್ಚಾರ್ಜ್ ಆಗಿ 15ರಿಂದ 30 ದಿನ ಎಂಬುದು ಹೆಚ್ಚು ಕಾಣುವ ಅಂಕಿ. ಸೇರುವ ಮೊದಲಿನ 30 ದಿನ, ಬಂದ ಮೇಲಿನ 60 ದಿನಗಳ ಸಂಬಂಧಿತ ಖರ್ಚು ಬಹುತೇಕ ಪಾಲಿಸಿಗಳಲ್ಲಿ ಇದೆ. ಅದನ್ನು ಕೇಳದೆ ಬಿಡುವವರೇ ಜಾಸ್ತಿ. ‘ಬರೀ ಪರೀಕ್ಷೆಗಾಗಿ ಅಡ್ಮಿಟ್ ಆಗಿದ್ದಾರೆ’ ಎಂಬ ಕಾರಣಕ್ಕೆ ಬೀಳುವ ಕ್ಲೈಮುಗಳೂ ಕಡಿಮೆಯಿಲ್ಲ. ಎಂಆರ್‌ಐ ಮಾಡಿಸಲು ಒಂದು ರಾತ್ರಿ ಮಲಗಿಸಿಕೊಳ್ಳಿ ಎಂದು ಆಸ್ಪತ್ರೆಯವರನ್ನು ಕೇಳಿಕೊಳ್ಳುವ ಜಾಣತನ ಇಲ್ಲಿ ತಿರುಗುಬಾಣ.

ಟಿಪಿಎಯಿಂದ ಪರಿಹಾರ ಸಿಗದಿದ್ದರೆ ವಿಮಾ ಕಂಪನಿಯ ಕುಂದುಕೊರತೆ ವಿಭಾಗ. 30 ದಿನದಲ್ಲಿ ಉತ್ತರವಿಲ್ಲದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್, ಒಂದು ವರ್ಷದೊಳಗೆ. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ಕಚೇರಿ ಇದೆ. ಫೀಸಿಲ್ಲ, ವಕೀಲರೂ ಬೇಡ, 50 ಲಕ್ಷದವರೆಗೆ ತೀರ್ಪು ಕೊಡಬಹುದು. ಪಾಲಿಸಿ ಕಂಪನಿಯ ಹೆಸರಿನಲ್ಲಿದೆ ಎಂಬುದು ಅಡ್ಡಿಯಲ್ಲ, ಗ್ರೂಪ್ ಪಾಲಿಸಿಯ ಸದಸ್ಯರೂ ಹೋಗಬಹುದು. ಅದಕ್ಕೂ ಮೊದಲು ಎಚ್‌ಆರ್ ಮೂಲಕ ಬ್ರೋಕರ್‌ಗೆ ಒಂದು ಮೇಲ್ ಹಾಕಿ ನೋಡಿ. ರಿನ್ಯೂವಲ್ ಹತ್ತಿರ ಇದ್ದಾಗ ಬ್ರೋಕರ್ ಮಾತಿಗೆ ಬರುವ ಬಲವೇ ಬೇರೆ. ದೊಡ್ಡ ಕಾಯಿಲೆಗೆ ವಿಮಾ ಮೊತ್ತ ಮುಗಿದಾಗಲೂ ಎಚ್‌ಆರ್ ಬಳಿ ಕೇಳಬೇಕಾದ ಒಂದು ಪದವಿದೆ, ಕಾರ್ಪೊರೇಟ್ ಬಫರ್. ಎಲ್ಲರಿಗೂ ಸೇರಿದ ಮೀಸಲು ಹಣ ಅದು. ಕೆಲವೊಮ್ಮೆ ಗಂಭೀರ ಕಾಯಿಲೆಗಷ್ಟೇ, ಕುಟುಂಬಕ್ಕೆ ಇಷ್ಟೇ ಎಂಬ ಮಿತಿಯಿರುತ್ತದೆ, ಕಂಪನಿಯ ಒಪ್ಪಿಗೆಯೂ ಬೇಕು. ತಾನಾಗಿ ಬರುವುದಿಲ್ಲ.

ಪ್ರತಿ ವರ್ಷ ಷರತ್ತು ಬದಲಾಗುವುದೇಕೆ ಎಂಬ ಗೊಣಗಾಟಕ್ಕೆ ಉತ್ತರ ಲೆಕ್ಕದಲ್ಲಿದೆ. ಕಂಪನಿ 50 ಲಕ್ಷ ಪ್ರೀಮಿಯಂ ಕಟ್ಟಿ ಉದ್ಯೋಗಿಗಳ ಕ್ಲೈಮು 60 ಲಕ್ಷ ಆಯಿತೆನ್ನಿ, ಕ್ಲೈಮ್ ಅನುಪಾತ 120%. ಮುಂದಿನ ವರ್ಷ ವಿಮಾ ಕಂಪನಿ ಪ್ರೀಮಿಯಂ ಏರಿಸುತ್ತದೆ, ಇಲ್ಲವೇ ಉದ್ಯೋಗದಾತರು ಏರಿಕೆ ತಪ್ಪಿಸಲು ಕೋ-ಪೇ ಹಾಕಿಸಿಕೊಳ್ಳುತ್ತಾರೆ, ರೂಮಿಗೆ ಮಿತಿ ತರುತ್ತಾರೆ, ತಂದೆತಾಯಿಯನ್ನು ಉದ್ಯೋಗಿಯ ಖರ್ಚಿಗೆ ದಾಟಿಸುತ್ತಾರೆ. ಕಳೆದ ವರ್ಷದ ಪಿಪಿಟಿ ನಂಬಿ ಈ ವರ್ಷ ಅಡ್ಮಿಟ್ ಆಗುವುದು ಅದಕ್ಕೇ ಅಪಾಯ.

ಈ ಪಾಲಿಸಿಯ ನಿಜವಾದ ಕೊರತೆ ರಾಜೀನಾಮೆಯ ದಿನ ಕಾಣುತ್ತದೆ. ಕೊನೆಯ ಕೆಲಸದ ದಿನಕ್ಕೆ ಕವರ್ ಮುಗಿಯುತ್ತದೆ, ಉದ್ಯೋಗಿಯದಷ್ಟೇ ಅಲ್ಲ, ಮನೆಯವರೆಲ್ಲರದ್ದೂ. ಕೆಲಸ ಕಳೆದುಕೊಂಡ ತಿಂಗಳಲ್ಲೇ ವಿಮೆಯೂ ಇಲ್ಲ. 10 ಲಕ್ಷದ ಗ್ರೂಪ್ ಪಾಲಿಸಿ ಇದೆಯೆಂದು ನಲವತ್ತೈದರವರೆಗೆ ಸ್ವಂತ ಪಾಲಿಸಿ ಕೊಳ್ಳದವರಿಗೆ ಆಗ ಹೊಸ ಪಾಲಿಸಿ, ಹೊಸ ಕಾಯುವಿಕೆ. ಇದಕ್ಕೊಂದು ಕಿಟಕಿ ಇದೆ: ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಮೈಗ್ರೇಶನ್. ಗ್ರೂಪ್‌ನಲ್ಲಿ ಬಿಡುವಿಲ್ಲದೆ ಕಳೆದ ಅವಧಿಯ ಲಾಭ ಕಾಯುವಿಕೆಯಲ್ಲಿ ವಜಾ ಆಗುತ್ತದೆ, ಹಳೆಯ ವಿಮಾ ಮೊತ್ತದ ಮಟ್ಟಿಗೆ. ವಿಮಾ ಕಂಪನಿ ಆರೋಗ್ಯದ ವಿವರ ಕೇಳಿ ತೂಗಿ ನೋಡಬಹುದು. ಅರ್ಜಿಯನ್ನು ನೋಟಿಸ್ ಪೀರಿಯಡ್ ಶುರುವಾದ ವಾರವೇ ಹಾಕಬೇಕು, ಕವರ್ ಜೀವಂತ ಇರುವಾಗ. ರಿಲೀವಿಂಗ್ ಲೆಟರ್ ಬಂದ ಮೇಲೆ ಓಡಾಡಿದರೆ ತಡವಾಯಿತು. ಗ್ರೂಪ್‌ನಲ್ಲಿದ್ದ ದಿನಾಂಕಗಳನ್ನು ತೋರಿಸುವ ಪತ್ರವನ್ನೂ ಎಚ್‌ಆರ್‌ನಿಂದ ಅದೇ ವಾರ ಪಡೆಯಿರಿ.

ಸ್ವಂತ ಪಾಲಿಸಿಗೆ ಬದಲಾಗಿ 5 ಲಕ್ಷದ ಡಿಡಕ್ಟಿಬಲ್ (ಅಷ್ಟು ದಾಟಿದ ಬಿಲ್ಲಿಗಷ್ಟೇ ವಿಮೆ) ಇಟ್ಟು ಸೂಪರ್ ಟಾಪ್-ಅಪ್ ಕೊಳ್ಳುವುದು ಅಗ್ಗದ ಉಪಾಯ, ಕೆಲಸ ಇರುವವರೆಗೆ. ಬರೀ ಟಾಪ್-ಅಪ್ ಬೇಡ. ಅದು ಒಂದೊಂದು ಅಡ್ಮಿಶನ್ನಿನ ಬಿಲ್ಲನ್ನು ಬೇರೆ ಬೇರೆ ನೋಡುತ್ತದೆ, ಸೂಪರ್ ಟಾಪ್-ಅಪ್ ವರ್ಷದ ಬಿಲ್ಲನ್ನೆಲ್ಲ ಕೂಡಿಸುತ್ತದೆ. 3 ಲಕ್ಷದ ಎರಡು ಬಿಲ್ಲಾದರೆ ಟಾಪ್-ಅಪ್‌ನಿಂದ ಬರುವುದು ಏನೂ ಇಲ್ಲ, ಸೂಪರ್ ಟಾಪ್-ಅಪ್‌ನಿಂದ ಒಂದು ಲಕ್ಷ. ಕೆಲಸ ಬಿಟ್ಟ ದಿನ ಆ ಕೆಳಗಿನ 5 ಲಕ್ಷದ ಮೆಟ್ಟಿಲು ಕಳಚಿ ಹೋಗುತ್ತದೆ, ಟಾಪ್-ಅಪ್ ಮಾತ್ರ ಮೇಲೆ ನೇತಾಡುತ್ತಿರುತ್ತದೆ. ಹಾಗಾಗಿ ಸಣ್ಣದಾದರೂ 3 ಲಕ್ಷದ ಮೂಲ ಪಾಲಿಸಿಯೊಂದನ್ನು ಆರೋಗ್ಯ ಸರಿಯಿದ್ದಾಗಲೇ ಸ್ವಂತ ಹೆಸರಿನಲ್ಲಿ ಶುರು ಮಾಡಿ, ಅದರ ಕಾಯುವ ಅವಧಿಗಳನ್ನು ಗ್ರೂಪ್ ಪಾಲಿಸಿಯ ನೆರಳಿನಲ್ಲೇ ಸವೆಸಿಬಿಡುವುದು ಹೆಚ್ಚು ಭದ್ರ. ಬಿಲ್ಲು ಬಂದಾಗ ಎರಡರಲ್ಲಿ ಯಾವುದನ್ನು ಮೊದಲು ಬಳಸಬೇಕು ಎಂಬ ಆಯ್ಕೆ ವಿಮೆ ಇರುವವರದೇ. ಮೊದಲು ಕಂಪನಿಯದನ್ನೇ ಬಳಸಿದರೆ ಸ್ವಂತ ಪಾಲಿಸಿಯ ನೋ-ಕ್ಲೈಮ್ ಬೋನಸ್ ಹಾಗೆಯೇ ಉಳಿಯುತ್ತದೆ.